ಲೆಕ್ಕಕ್ಕೆ ಸಿಗದ ಅನಿಲ

ಆ ವಾರ ನಾನು ಹೆದರುತ್ತಿದ್ದುದು ಹೊಸ ಪಂಪು ಎಲ್ಲಿ ಕೈಕೊಡುತ್ತದೋ ಎಂದು. ಹೆದರಬೇಕಾದದ್ದು ಬೇರೆಯದಕ್ಕೆ ಎಂದು ಆಮೇಲೆ ಗೊತ್ತಾಯಿತು.

ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಮ್ಮದೊಂದು ಗಾಲಾ. ಸಣ್ಣ ಕಾರ್ಖಾನೆಯ ಕೋಣೆಗೆ ಇಲ್ಲಿ ಹಾಗನ್ನುತ್ತಾರೆ. ಒಂದು ಬದಿಗೆ ಪೌಡರ್ ಕೋಟಿಂಗಿನವರು, ಇನ್ನೊಂದು ಬದಿಗೆ ವೆಲ್ಡಿಂಗಿನವರು, ನಡುವೆ ನಾವು ಮೂವರು: ಕಂಪನಿ ಶುರು ಮಾಡಿದ ಉಡುಪಿ ಕಡೆಯ ನಮ್ಮ ಸರ್, ಅನಿಲಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಜಿಸಿ ಯಂತ್ರ ನೋಡಿಕೊಳ್ಳುವ ಕಲಬುರಗಿಯ ಜೊತೆಗಾರ, ಮತ್ತು ನಾನು. ಕಾರ್ಬನ್ ಡೈಆಕ್ಸೈಡಿಗೆ ಕರೆಂಟು ಕೊಟ್ಟು ಎಥಿಲೀನ್ ಮಾಡುವುದು ನಮ್ಮ ಕೆಲಸ. ಎಥಿಲೀನ್ ಎಂದರೆ ಪ್ಲಾಸ್ಟಿಕ್ಕಿನ ಕಚ್ಚಾ ಮಾಲು. ಒಂದು ದೊಡ್ಡ ಕಂಪನಿಯವರು ಅದನ್ನು ನೋಡಲು ಬರುವವರಿದ್ದರು. ಅವರು ಬರುವಾಗ ಯಂತ್ರ ನಿಲ್ಲದೆ ನಡೆಯುತ್ತಿರಬೇಕು ಎಂದು ಸರ್ ಹಠ ಹಿಡಿದಿದ್ದರು.

ಕೆಲಸ ನಡೆಯುವುದು ತಾಮ್ರದ ಮೇಲೆ. ತಾಮ್ರದ ಹಾಳೆಯ ಮೇಲೆ ತಾಮ್ರವನ್ನೇ ಮತ್ತೆ ಬೆಳೆಸಿ ನ್ಯಾನೊ ಗಾತ್ರದ ತೂತುಗಳನ್ನು ಮಾಡುತ್ತಿದ್ದೆವು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸೆಟ್ ದೋಸೆಯ ಮೈ ಇದ್ದ ಹಾಗೆ. ಡೈಆಕ್ಸೈಡ್ ಕರಗಿದ ದ್ರವ ಈ ತೂತುಗಳ ಮೇಲೆ ಹರಿಯುತ್ತದೆ. ಒಳಗೆ ಹೋದ ಡೈಆಕ್ಸೈಡ್ ಮೊದಲು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಆ ಮೊನಾಕ್ಸೈಡ್ ತೂತಿನೊಳಗೇ ಸ್ವಲ್ಪ ಹೊತ್ತು ಉಳಿದರೆ ಎರಡೆರಡು ಕೂಡಿಕೊಂಡು ಎಥಿಲೀನ್ ಆಗುತ್ತದೆ. ದ್ರವ ತೀರ ನಿಧಾನ ಹರಿದರೆ ಡೈಆಕ್ಸೈಡ್ ಒಳಗೆ ತಲುಪುವುದೇ ಇಲ್ಲ, ಕರೆಂಟು ಸುಮ್ಮನೆ ನೀರನ್ನು ಒಡೆದು ಹೈಡ್ರೋಜನ್ ಮಾಡಿ ಕೂರುತ್ತದೆ. ಏನು ಎಷ್ಟು ಬೇಗ ಒಳಗೆ ಬರುತ್ತದೆ, ಎಷ್ಟು ಬೇಗ ಹೊರಗೆ ಹೋಗುತ್ತದೆ ಎನ್ನುವುದಕ್ಕೆ ನಮ್ಮಲ್ಲಿ ಮಾಸ್ ಟ್ರಾನ್ಸ್‌ಪೋರ್ಟ್ ಎಂದು ಹೆಸರು. ಸರ್ ಬಂದವರಿಗೆಲ್ಲ ಅದನ್ನು ಲೋಕಲ್ ಗಾಡಿಯ ಲೆಕ್ಕದಲ್ಲಿ ಹೇಳುತ್ತಿದ್ದರು. ಗಾಡಿ ಬರದಿದ್ದರೂ ಕಷ್ಟ, ಬಂದು ನಿಲ್ಲದೆ ಹೋದರೂ ಕಷ್ಟ ಎಂದು.

ನಮ್ಮಲ್ಲಿ ಹೈಡ್ರೋಜನ್ ಜಾಸ್ತಿ ಬರುತ್ತಿತ್ತು. ಅದಕ್ಕೇ ಹೊಸ ಪಂಪು ತಂದದ್ದು. ಹಳೆಯದಕ್ಕಿಂತ ಎಷ್ಟೋ ವೇಗವಾಗಿ ದ್ರವವನ್ನು ತಳ್ಳುತ್ತಿತ್ತು. ಪಂಪಿನಿಂದ ಹೊರಟ ದ್ರವ ತಾಮ್ರದ ಹಾಳೆಗಳಿದ್ದ ಸೆಲ್ಲಿನೊಳಗೆ ಹೋಗಿ, ಮೇಲೆ ಒಂದು ಗಾಜಿನ ಕೊಳವೆಯಲ್ಲಿ ಅನಿಲವನ್ನು ಬಿಟ್ಟುಕೊಟ್ಟು, ಕೆಳಗಿನ ದೊಡ್ಡ ಬಾಟಲಿಗೆ ವಾಪಸು ಬರುತ್ತಿತ್ತು. ಅನಿಲ ಜಿಸಿಯ ಮೂಲಕ ಹಾದು ಪೈಪಿನಲ್ಲಿ ಕಿಟಕಿಯಾಚೆ ಹೋಗುತ್ತಿತ್ತು. ಕೆಳಗಿನ ಬಾಟಲಿಗೆ ನಾವು ಡೈಆಕ್ಸೈಡನ್ನು ಗುಳುಗುಳು ಬಿಡುತ್ತಿದ್ದೆವು. ಅದರ ಬಾಯಿಗೆ ಮುಚ್ಚಳ ಇರಲಿಲ್ಲ, ಅಲ್ಯೂಮಿನಿಯಂ ಹಾಳೆ ಸುತ್ತಿದ್ದೆವು ಅಷ್ಟೇ. ಅಲ್ಲಿಂದ ಹೊರಗೆ ಬರುವುದು ಸೋಡಾ ಬಾಟಲಿಯಿಂದ ಬರುವ ಅದೇ ಗಾಳಿ, ಬಂದರೆ ಬರಲಿ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಅಳತೆ ನಡೆಯುವಾಗ ಎಕ್ಸಾಸ್ಟ್ ಫ್ಯಾನ್ ಬಂದ್ ಮಾಡುವುದು ನಮ್ಮ ರೂಢಿ. ಫ್ಯಾನ್ ತಿರುಗಿದರೆ ಪರದೆಯಲ್ಲಿ ಕರೆಂಟಿನ ಗೆರೆ ನಡುಗುತ್ತಿತ್ತು. ಪೌಡರ್ ಕೋಟಿಂಗಿನ ಧೂಳು ಒಳಗೆ ಬರುತ್ತದೆಂದು ಶಟರನ್ನೂ ಇಳಿಸುತ್ತಿದ್ದೆವು. ಏಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಂಪು ಮಾಡುತ್ತಿತ್ತು.

ಮೊನಾಕ್ಸೈಡ್ ವಾಸನೆಯಿಲ್ಲದ ವಿಷ, ಅದಕ್ಕೆಂದೇ ಗೋಡೆಯ ಮೇಲೆ ಒಂದು ಅಲಾರ್ಮು ಇತ್ತು. ಅದು ಕೂಗಿದರೆ ಓಡಬೇಕು ಎಂದು ಬೇರೆ ಯಾರಿಗಾದರೂ ಗೊತ್ತಿರುತ್ತದೆ. ನಮಗೆ ಅದಕ್ಕಿಂತ ಹೆಚ್ಚು ಗೊತ್ತಿತ್ತು, ಅದೇ ಎಡವಟ್ಟು. ಆ ಅಲಾರ್ಮಿನ ಒಳಗಿರುವುದೂ ಒಂದು ಪುಟ್ಟ ಎಲೆಕ್ಟ್ರೋಕೆಮಿಕಲ್ ಸೆಲ್. ಅದು ಹೈಡ್ರೋಜನ್ನನ್ನೂ ಮೊನಾಕ್ಸೈಡ್ ಎಂದೇ ತಿಳಿದು ಕೂಗುತ್ತದೆ. ಜಿಸಿಯ ಸೂಜಿ ಬದಲಿಸುವಾಗ ಅಷ್ಟಿಷ್ಟು ಹೈಡ್ರೋಜನ್ ಹೊರಗೆ ಬಂದರೂ ಕೂಗುತ್ತಿತ್ತು. ತಾಮ್ರ ಹಳತಾಗಿ ಹೈಡ್ರೋಜನ್ ಹೆಚ್ಚಾದಾಗಲಂತೂ ಕೂಗಿಯೇ ಕೂಗುತ್ತಿತ್ತು. ಬರಬರುತ್ತಾ ನಾವು ಅದನ್ನು ತಾಮ್ರದ ಆರೋಗ್ಯ ನೋಡಲು ಬಳಸತೊಡಗಿದ್ದೆವು. ಕೂಗಿದರೆ ಹಾಳೆ ಹೋಯಿತು, ಹೊಸದು ಹಾಕು. ಯಾರು ಹತ್ತಿರವಿದ್ದರೆ ಅವರು ಗುಂಡಿ ಒತ್ತಿ ಬಾಯಿ ಮುಚ್ಚಿಸುತ್ತಿದ್ದರು.

ಆಗ ನಾನು ಬಸುರಿ, ಮೂರು ತಿಂಗಳು ತುಂಬಿರಲಿಲ್ಲ. ಹಿಂದೊಮ್ಮೆ ನಿಂತದ್ದು ಉಳಿದಿರಲಿಲ್ಲ. ಹಾಗಾಗಿ ಬೊರಿವಲಿಯಲ್ಲಿ ನಮ್ಮ ಜೊತೆಗೇ ಇರುವ ಅವ್ವ ಈ ಸಲ ಮೊದಲೇ ಕಟ್ಟುನಿಟ್ಟು ಮಾಡಿದ್ದಳು. ಬಾಗಲಕೋಟೆ ಬಿಟ್ಟು ಎಷ್ಟು ವರ್ಷವಾದರೂ ಅವಳ ಮಾತು ಅಲ್ಲಿಯದೇ.

"ಮೂರು ತಿಂಗಳು ತುಂಬೂ ಮಟ ಯಾರ ಮುಂದೂ ಬಾಯಿ ಬಿಡಬ್ಯಾಡ. ನಿಮ್ಮ ಆಫೀಸಿನವ್ರ ಮುಂದಂತೂ ಮದಲ ಬ್ಯಾಡ. ದೃಷ್ಟಿ ಆಗ್ತೈತಿ."

ನಾನು ದೃಷ್ಟಿ ಗಿಷ್ಟಿ ನಂಬುವವಳಲ್ಲ. ಆದರೆ ಒಮ್ಮೆ ಕಳೆದುಕೊಂಡ ಮೇಲೆ ನಂಬುವುದಿಲ್ಲ ಎಂದು ಗಟ್ಟಿಯಾಗಿ ಹೇಳುವ ಧೈರ್ಯವೂ ಇರಲಿಲ್ಲ. ಗಂಡನಿಗೂ ಅವ್ವನಿಗೂ ಡಾಕ್ಟರಿಗೂ ಬಿಟ್ಟರೆ ಇನ್ಯಾರಿಗೂ ಹೇಳಿರಲಿಲ್ಲ.

ಹೊಸ ಪಂಪು ಹಾಕಿದ ಮೇಲೆ ತಲೆನೋವು ಶುರುವಾಯಿತು. ಹಣೆಯ ಸುತ್ತ ಪಟ್ಟಿ ಬಿಗಿದ ಹಾಗೆ. ಜೊತೆಗೆ ವಾಕರಿಕೆ, ಮೆಟ್ಟಿಲು ಹತ್ತಿದರೆ ಏದುಸಿರು. ಸಂಜೆ ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತು ಗಾಳಿಗೆ ಮುಖ ಒಡ್ಡಿ ಹೋದರೆ ಬೊರಿವಲಿ ಬರುವಷ್ಟರಲ್ಲಿ ಕಡಿಮೆಯಾಗುತ್ತಿತ್ತು. ಮನೆಗೆ ಹೋಗಿ ಹೇಳಿದರೆ ಅವ್ವ ನಗುತ್ತಿದ್ದಳು. "ಬಸರಿಗೆ ತಲಿ ತಿರಗದ ಇನ್ಯಾರಿಗೆ ತಿರಗಬೇಕು? ನಿನ್ನ ಹೊಟ್ಟ್ಯಾಗ ಇಟಗೊಂಡಾಗ ನಾನೂ ಹಿಂಗ ಬಿದ್ದಿದ್ದೆ." ನನಗೂ ಸರಿಯೆನಿಸುತ್ತಿತ್ತು. ವಾಂತಿ ಬಂದಾಗ ಒಳಗೊಳಗೇ ಸಂತೋಷವೂ ಆಗುತ್ತಿತ್ತು, ಈ ಸಲದ್ದು ಗಟ್ಟಿಯಾಗಿ ಹಿಡಿದಿದೆ ಎಂದು.

ಕೆಳಗೆ ವೆಲ್ಡಿಂಗಿನ ವಾಸನೆ ತಡೆಯದೆ ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಅಟ್ಟ ಸೇರಿದೆ. ಗಾಲಾದ ಅರ್ಧಕ್ಕೆ ಹಲಗೆ ಹೊಡೆದು ಮಾಡಿದ ತಗ್ಗು ಅಟ್ಟ ಅದು. ನೇರ ಕೆಳಗೆ ಪಂಪು, ಬಾಟಲಿ. ಯಂತ್ರಗಳ ಬಿಸಿಯೆಲ್ಲ ಮೇಲಕ್ಕೇ ಬರುತ್ತಿತ್ತು. ಆದರೂ ವಾಸನೆ ಇಲ್ಲವಲ್ಲ ಎಂದು ನೆಮ್ಮದಿಯಾಗಿ ಕೂತು ಲೆಕ್ಕ ಮಾಡುತ್ತಿದ್ದೆ.

ಲೆಕ್ಕ ಸರಿ ಹೋಗುತ್ತಿರಲಿಲ್ಲ. ಕೊಟ್ಟ ಕರೆಂಟಿನಲ್ಲಿ ಯಾವ ಪದಾರ್ಥಕ್ಕೆ ಎಷ್ಟು ಪಾಲು ಹೋಯಿತು ಎಂದು ಕೂಡಿಸಿದರೆ ನೂರರ ಹತ್ತಿರ ಬರಬೇಕು. ಹಳೆಯ ಪಂಪಿನಲ್ಲಿ ಬರುತ್ತಿತ್ತು. ಹೊಸದರಲ್ಲಿ ಎಂಬತ್ತು ದಾಟುತ್ತಿರಲಿಲ್ಲ. ಹೈಡ್ರೋಜನ್ ಇಳಿದಿತ್ತು, ಅದು ನಾವು ಬಯಸಿದ್ದೇ. ಆದರೆ ಎಥಿಲೀನೂ ಇಳಿದಿತ್ತು. ಮೊನಾಕ್ಸೈಡ್ ಜಿಸಿಯಲ್ಲಿ ಸ್ವಲ್ಪ ಏರಿತ್ತು, ಆದರೆ ಆ ಖೋತಾ ತುಂಬುವಷ್ಟಲ್ಲ.

ಸರ್ ಅದನ್ನು ನೋಡಿ ಖುಷಿಯಾಗಿದ್ದರು. "ಅಲ್ಲ ಮಾರಾಯ್ತಿ, ಕಾಣದ್ದು ಆಲ್ಕೊಹಾಲ್ ಆಗಿರ್ಬೇಕು. ದ್ರವದಲ್ಲೇ ಉಂಟು ಅದು. ಸ್ಯಾಂಪಲ್ ಹೊರಗೆ ಟೆಸ್ಟಿಗೆ ಕಳಿಸಿದ್ದೇನೆ, ಬರ್ಲಿ. ಎಥಿಲೀನ್ ಹೋದ್ರೆ ಹೋಗ್ಲಿ, ಆಲ್ಕೊಹಾಲ್ ಸಿಕ್ಕಿದ್ರೆ ಇನ್ನೂ ಒಳ್ಳೇದು."

ನಾಳೆ ಕಂಪನಿಯವರು ಬರುತ್ತಾರೆ ಎನ್ನುವ ದಿನ ಬೆಳಿಗ್ಗೆಯೇ ಯಂತ್ರ ಚಾಲೂ ಮಾಡಿ ಬಿಟ್ಟೆವು. ಸರ್ ಯಾರನ್ನೋ ನೋಡಲು ಹೊರಗೆ ಹೋದರು. ರಂಜಾನ್ ತಿಂಗಳು, ಜೊತೆಗಾರ ಉಪವಾಸವಿದ್ದ. ಮಧ್ಯಾಹ್ನದ ಹೊತ್ತಿಗೆ ಅವನೂ ಹಣೆ ಹಿಡಿದುಕೊಂಡು ಕೂತಿದ್ದ.

"ಏನಾಯ್ತು?" ಎಂದು ಅಟ್ಟದಿಂದಲೇ ಕೇಳಿದೆ.

"ತಲಿ ಸಿಡೀಲಾಕತ್ತದ ಅಕ್ಕಾ. ಮುಂಜಾನಿಂದ ನೀರಿಲ್ಲ ನೋಡ್ರಿ. ರೋಜಾ ಅಂದ್ರ ಹಂಗೇ."

ಅವನಿಗೆ ಅವನ ಕಾರಣವಿತ್ತು, ನನಗೆ ನನ್ನದು. ನಾನು ಮತ್ತೆ ಲೆಕ್ಕಕ್ಕೆ ಕೂತೆ. ಅಕ್ಷರಗಳು ಅಲುಗಾಡುತ್ತಿದ್ದವು. ಕೂಡಿಸಿದ್ದನ್ನೇ ಮತ್ತೆ ಕೂಡಿಸಿದೆ, ಒಂದೊಂದು ಸಲ ಒಂದೊಂದು ಉತ್ತರ ಬಂತು. ಆಗ ಕೆಳಗೆ ಅಲಾರ್ಮು ಕೂಗಿತು.

"ಹೈಡ್ರೋಜನ್ ಅದ ಬಿಡ್ರಿ ಅಕ್ಕಾ," ಎಂದು ಅವನು ಎದ್ದು ಹೋಗಿ ಗುಂಡಿ ಒತ್ತಿದ.

ನನ್ನ ಕಣ್ಣು ಪರದೆಯ ಮೇಲೇ ಇತ್ತು. ಆಗಷ್ಟೇ ಬಂದ ಜಿಸಿಯ ಅಳತೆ. ಹೈಡ್ರೋಜನ್ ಹಳೆಯ ಪಂಪಿನಲ್ಲಿದ್ದುದರ ಅರ್ಧವೂ ಇಲ್ಲ. ಹಾಳೆಯೂ ಹೊಸದು, ನಾನೇ ಹಾಕಿದ್ದು. ಹೈಡ್ರೋಜನ್ ಇಲ್ಲದಿದ್ದರೆ ಅಲಾರ್ಮು ಏನನ್ನು ಕಂಡು ಕೂಗಿತು?

ಈ ಪ್ರಶ್ನೆ ಕೇಳಿಕೊಂಡದ್ದು ನೆನಪಿದೆ. ಉತ್ತರ ಹೊಳೆಯಲು ಬಹಳ ಹೊತ್ತು ಬೇಕಾಯಿತು. ಆ ತಡವೇ ಒಂದು ಉತ್ತರ ಎಂದು ಈಗ ಅನಿಸುತ್ತದೆ, ತಲೆ ಕೆಲಸ ಮಾಡುತ್ತಿರಲಿಲ್ಲ. ವೇಗದ ದ್ರವ ಡೈಆಕ್ಸೈಡನ್ನು ತೂತಿನೊಳಗೆ ಚೆನ್ನಾಗಿ ತಲುಪಿಸುತ್ತಿದೆ, ಅದಕ್ಕೇ ಹೈಡ್ರೋಜನ್ ಇಳಿದಿದೆ. ಅದೇ ವೇಗ ಮೊನಾಕ್ಸೈಡನ್ನು ಜೋಡಿಯಾಗಲು ಬಿಡದೆ ಗುಡಿಸಿಕೊಂಡು ಹೊರಗೆ ತರುತ್ತಿದೆ, ಅದಕ್ಕೇ ಎಥಿಲೀನ್ ಇಳಿದಿದೆ. ಗುಡಿಸಿ ತಂದದ್ದು ಎಲ್ಲಿ? ಇಷ್ಟು ವೇಗದಲ್ಲಿ ಮೇಲಿನ ಗಾಜಿನ ಕೊಳವೆಯಲ್ಲಿ ಅದು ಪೂರ್ತಿ ಬೇರೆಯಾಗಲು ಸಮಯವಿಲ್ಲ. ದ್ರವದ ಜೊತೆಯೇ ಕೆಳಗಿನ ಬಾಟಲಿಗೆ ಹೋಗುತ್ತದೆ. ಅಲ್ಲಿ ನಾವೇ ಡೈಆಕ್ಸೈಡ್ ಗುಳುಗುಳು ಬಿಟ್ಟು ಅದನ್ನು ಹೊರಗೆ ಹಾಕುತ್ತಿದ್ದೇವೆ. ಬಾಟಲಿಯ ಬಾಯಿಗೆ ಅಲ್ಯೂಮಿನಿಯಂ ಹಾಳೆ. ಅದರ ಮೇಲೆ ಅಟ್ಟ. ಅಟ್ಟದ ಮೇಲೆ ನಾನು.

ನೂರಕ್ಕೆ ಕಡಿಮೆ ಬಿದ್ದ ಪಾಲನ್ನು ಅಷ್ಟು ದಿನದಿಂದ ಹುಡುಕುತ್ತಿದ್ದೆ. ಅದನ್ನು ನಾನು ಉಸಿರಾಡುತ್ತಿದ್ದೆ. ನನ್ನ ಹೊಟ್ಟೆಯೊಳಗಿದ್ದದ್ದೂ ಅದನ್ನೇ ಪಡೆಯುತ್ತಿತ್ತು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಉಸಿರು ಎಳೆದುಕೊಳ್ಳಲೂ ಭಯವಾಗಿ ಬಿಗಿ ಹಿಡಿದು ಎದ್ದೆ.

ಏಣಿಯ ಒಂದೊಂದು ಮೆಟ್ಟಿಲಿಗೂ ಕೂತು ಕೂತು ಇಳಿದೆ. ಮೊದಲು ಕರೆಂಟು ಬಂದ್ ಮಾಡಿದೆ, ಆಮೇಲೆ ಪಂಪು. ಜೊತೆಗಾರ ಗಾಬರಿಯಾಗಿ ಎದ್ದು ಬಂದ.

"ಏನ್ ಮಾಡ್ಲಾಕತ್ತೀರಿ ಅಕ್ಕಾ? ನಾಳಿಗಿ ಅವ್ರು ಬರ್ತಾರಲ್ರೀ. ಈಗ ಬಂದ್ ಮಾಡಿದ್ರ ಮತ್ತ ಮೊದಲಿಂದ ಮಾಡಬೇಕಾಗ್ತದ."

"ಶಟರ್ ಎತ್ತು. ಹೊರಗೆ ನಡಿ."

"ಹೈಡ್ರೋಜನ್..."

"ಹೈಡ್ರೋಜನ್ ಅಲ್ಲ. ಮೊನಾಕ್ಸೈಡ್. ನಡಿ ಅಂದೆ."

ಅವನಿಗೆ ವಿವರಿಸಿ ಹೇಳಬೇಕಾಗಲಿಲ್ಲ. ಬಾಟಲಿಯ ಕಡೆ ನೋಡಿದ, ಅಲಾರ್ಮಿನ ಕಡೆ ನೋಡಿದ, ಮುಖ ಬಿಳಿಚಿಕೊಂಡಿತು. ಇಬ್ಬರೂ ಸೇರಿ ಎಳೆದರೂ ಶಟರು ಮೊದಲ ಸಲಕ್ಕೆ ಮೇಲೇಳಲಿಲ್ಲ. ದಿನಾ ಒಂದು ಕೈಯಲ್ಲಿ ಎತ್ತುತ್ತಿದ್ದ ಶಟರು ಅದು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತೆವು. ವೆಲ್ಡಿಂಗಿನ ಹೊಗೆ ಮೂಗಿಗೆ ಬಡಿಯಿತು, ಅದನ್ನೇ ಹಸಿದವಳ ಹಾಗೆ ಎಳೆದುಕೊಂಡೆ.

ಸರ್ ಅದೇ ಹೊತ್ತಿಗೆ ಆಟೋದಿಂದ ಇಳಿದರು. ಶಟರು ತೆರೆದಿರುವುದು, ಯಂತ್ರ ನಿಂತಿರುವುದು ಕಂಡಿತು.

"ಎಂಥ ಆಯ್ತು? ಯಾಕೆ ನಿಲ್ಸಿದ್ದು? ನಾಳೆ ಅವರು ಬರ್ತಾರೆ, ಗೊತ್ತುಂಟಲ್ಲ?"

ಬಾಟಲಿಯ ವಿಷಯ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಇರ್ಲಿಕ್ಕಿಲ್ಲ. ಆಲ್ಕೊಹಾಲಿನ ರಿಪೋರ್ಟ್ ಬರ್ಲಿ, ನೋಡುವ. ಒಂದು ಕೆಲಸ ಮಾಡಿ, ಫ್ಯಾನ್ ಹಾಕಿ ಶುರು ಮಾಡಿ, ಗೆರೆ ನಡುಗಿದ್ರೆ ನಡುಗ್ಲಿ."

ಅವರದು ಕೆಟ್ಟ ಬುದ್ಧಿ ಅಲ್ಲ. ತಿಂಗಳುಗಟ್ಟಲೆ ಕಾದ ದಿನ ಹಾಳಾಗುತ್ತದೆ ಎಂಬ ಅವಸರ. ಇಂಥ ಹೊತ್ತಿನಲ್ಲಿ ನಾನು ಸಾಮಾನ್ಯವಾಗಿ ವಾದ ಮಾಡುತ್ತೇನೆ, ಕಾಗದದ ಮೇಲೆ ಗೀಚಿ ತೋರಿಸುತ್ತೇನೆ. ಆಗ ಅದಕ್ಕೆಲ್ಲ ತಾಳ್ಮೆ ಇರಲಿಲ್ಲ.

"ಸರ್, ನಾನು ಬಸುರಿ," ಎಂದೆ.

ಅವ್ವ ಹೇಳಬೇಡ ಎಂದದ್ದನ್ನು ಎಸ್ಟೇಟಿನ ದಾರಿಯಲ್ಲಿ, ಟೆಂಪೋ ಹಮಾಲರ ಎದುರಿಗೆ ಹೇಳಿಬಿಟ್ಟಿದ್ದೆ. ಸರ್ ತಿರುಗಿ, ಹೊರಟುಹೋಗುತ್ತಿದ್ದ ಅದೇ ಆಟೋವನ್ನು ಕೂಗಿ ನಿಲ್ಲಿಸಿದರು. "ಹತ್ತಿ, ಇಬ್ರೂ ಹತ್ತಿ," ಎಂದಷ್ಟೇ ಹೇಳಿದರು.

ಹತ್ತಿರದ ಕ್ಲಿನಿಕ್ಕಿನಲ್ಲಿ ಡಾಕ್ಟರು ಬೆರಳಿಗೆ ಕ್ಲಿಪ್ಪು ಹಾಕಿ ಆಕ್ಸಿಜನ್ ನೋಡಿದರು. "ಸಬ್ ಠೀಕ್ ಹೈ ಮೇಡಮ್, ನೈಂಟಿ ನೈನ್. ಏಸಿಡಿಟಿ ಹೋಗಾ." ಬರೀ ಅಸಿಡಿಟಿ ಎಂದು ಕೇಳಿ ಸರ್ ಮುಖದಲ್ಲಿ ನಿರಾಳ ಕಂಡಿತು. ನಾನು ಮಾತ್ರ ಆ ಸಂಖ್ಯೆಯನ್ನು ನಂಬಲಿಲ್ಲ. ಆ ಕ್ಲಿಪ್ಪು ನೋಡುವುದು ರಕ್ತದ ಕೆಂಪನ್ನು. ಮೊನಾಕ್ಸೈಡ್ ಹಿಡಿದ ರಕ್ತವೂ ಅಷ್ಟೇ ಕೆಂಪು. ಎಷ್ಟು ವಿಷ ಹೋಗಿದ್ದರೂ ಅದು ತೊಂಬತ್ತೊಂಬತ್ತು ಎಂದೇ ಹೇಳಬಹುದು. ನಮ್ಮ ಅಲಾರ್ಮು ಹೈಡ್ರೋಜನ್ನಿಗೆ ಮೋಸ ಹೋಗುತ್ತಿತ್ತು, ಇದು ಮೊನಾಕ್ಸೈಡಿಗೆ ಮೋಸ ಹೋಗುತ್ತದೆ. ನಾನು ಎದ್ದು ನಿಂತು, ಅಪಧಮನಿಯ ರಕ್ತ ತೆಗೆದು ನೋಡುವ ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದೆ. ಡಾಕ್ಟರಿಗೆ ಬೇಸರವಾಯಿತು. ಆಗಲಿ ಎಂದುಕೊಂಡೆ.

ದೊಡ್ಡ ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಫಲಿತಾಂಶ ನೋಡಿದ ಡಾಕ್ಟರಮ್ಮ ನನ್ನನ್ನು ಸಿಗರೇಟು ಸೇದುತ್ತೀಯಾ ಎಂದು ಕೇಳಿದರು. ಇಲ್ಲ ಎಂದೆ. ಸೇದುವವರಲ್ಲೂ ಇಷ್ಟಿರುವುದಿಲ್ಲ ಎಂದು ಹೇಳಿ ಆಕ್ಸಿಜನ್ ಮಾಸ್ಕು ಹಾಕಿಸಿದರು. ಪಕ್ಕದ ಹಾಸಿಗೆಯಲ್ಲಿ ಜೊತೆಗಾರನಿಗೂ ಹಾಕಿದರು. ಅವನು ಮಾಸ್ಕು ಸರಿಸಿ, "ಆಕ್ಸಿಜನ್ ತಗೊಂಡ್ರ ರೋಜಾ ಮುರೀತದೇನ್ರಿ ಅಕ್ಕಾ?" ಎಂದು ಕೇಳಿದ. ನನಗೇನು ಗೊತ್ತು? ಊರಿಗೆ ಫೋನ್ ಮಾಡಿ ತನ್ನ ಅಬ್ಬಾನನ್ನು ಕೇಳಿದ. ಅವರು ಆ ಕಡೆಯಿಂದ ರೋಜಾ ಹಾಳಾಗ್ಲಿ, ಮೊದಲು ಉಸಿರಾಡು ಎಂದು ಬೈದದ್ದು ನನಗೂ ಕೇಳಿಸಿತು.

ಅವನನ್ನು ಸಂಜೆಯೊಳಗೆ ಕಳಿಸಿದರು. ನನ್ನನ್ನು ಕಳಿಸಲಿಲ್ಲ. ತಾಯಿಯ ರಕ್ತ ಬೇಗ ತಿಳಿಯಾಗುತ್ತದೆ, ಹೊಟ್ಟೆಯೊಳಗಿನ ಕೂಸಿನ ರಕ್ತ ಆ ವಿಷವನ್ನು ಇನ್ನೂ ಗಟ್ಟಿ ಹಿಡಿದುಕೊಂಡಿರುತ್ತದೆ, ಹಾಗಾಗಿ ನೀನು ಹುಷಾರಾದ ಮೇಲೂ ಬಹಳ ಹೊತ್ತು ಮಾಸ್ಕು ಹಾಕಿಕೊಂಡಿರಬೇಕು ಎಂದರು ಡಾಕ್ಟರಮ್ಮ. ಅದನ್ನು ಕೇಳಿದ ಮೇಲೆ ನಾನು ಮಾಸ್ಕನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡೆ. ನೀರು ಕುಡಿಯಲೂ ತೆಗೆಯಲಿಲ್ಲ. ನರ್ಸು ಬಂದು ಬೈದು ಕುಡಿಸಿದಳು.

ಗಂಡ ಚೆಂಬೂರಿನ ರಿಫೈನರಿಯಲ್ಲಿ ಶಿಫ್ಟಿನಲ್ಲಿದ್ದ. ಒಳಗೆ ಫೋನ್ ಬಿಡುವುದಿಲ್ಲ. ಅವ್ವ ಒಬ್ಬಳೇ ಬೊರಿವಲಿಯಿಂದ ಬಂದಳು. ಬಂದವಳೇ ನನ್ನ ಮುಖ, ಮಾಸ್ಕು, ಸಿಲಿಂಡರು ನೋಡಿ ಹಾಸಿಗೆಯ ಕಾಲಿಗೆ ಒರಗಿ ನೆಲಕ್ಕೇ ಕೂತಳು.

"ನಾನ ಅಂದೆನಲ್ಲವ್ವ, ಬಸರಿಗೆ ತಲಿ ತಿರಗತೈತಿ ಅಂತ," ಎಂದಳು.

ಸ್ಕ್ಯಾನಿಂಗ್ ಕೋಣೆಗೆ ಗಾಲಿ ಕುರ್ಚಿಯಲ್ಲಿ ಕರೆದುಕೊಂಡು ಹೋದರು. ಹಿಂದಿನ ಸಲ ಇಂಥದೇ ಕೋಣೆಯಲ್ಲಿ ಡಾಕ್ಟರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಸುಮ್ಮನಾಗಿದ್ದರು. ಈ ಸಲವೂ ಪರದೆ ಆ ಕಡೆಗೇ ಇತ್ತು. ತಣ್ಣನೆಯ ಜೆಲ್ ಹಚ್ಚಿ ಹೊಟ್ಟೆಯ ಮೇಲೆ ಒತ್ತಿ ಒತ್ತಿ ಹುಡುಕಿದರು. ನಾನು ಡಾಕ್ಟರಮ್ಮನ ಹುಬ್ಬು ನೋಡುತ್ತಿದ್ದೆ. ಏನಾದರೂ ಹೇಳಿ ಎಂದು ನಾನಾಗಿ ಕೇಳಲಿಲ್ಲ. ಹೇಳದೆ ಇದ್ದಷ್ಟು ಹೊತ್ತು ಅದು ಬದುಕಿದೆ ಎಂದುಕೊಳ್ಳಬಹುದಿತ್ತು.

ಆಮೇಲೆ ಅವರು ಒಂದು ಗುಂಡಿ ಒತ್ತಿದರು. ಎದೆ ಬಡಿತ ಕೇಳಿಸಿತು. ಬಹಳ ವೇಗವಾಗಿತ್ತು. ಆ ವಯಸ್ಸಿಗೆ ಅಷ್ಟೇ ಇರಬೇಕಂತೆ. ನಾನು ಬಿಕ್ಕಿ ಬಿಕ್ಕಿ ಅತ್ತೆ, ಹೊಟ್ಟೆ ಕುಲುಕಿ ಚಿತ್ರ ಕದಲುತ್ತದೆ ಎಂದು ಅವರು ಸುಮ್ಮನಿರಲು ಹೇಳಿದರು. ಬಡಿತ ಚೆನ್ನಾಗಿದೆ, ಆದರೆ ಮಿದುಳಿನ ಬಗ್ಗೆ ಈಗ ಏನೂ ಹೇಳಲಾಗದು, ಮುಂದೆ ನೋಡುತ್ತಾ ಹೋಗಬೇಕು ಎಂದೂ ಹೇಳಿದರು. ಅವರು ಮುಚ್ಚಿಡಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ. ಆದರೆ ಆ ಮಾತು ಕೇಳಿದ ಮೇಲೆ ನನಗೆ ಪೂರ್ತಿ ನಿದ್ದೆ ಬಂದದ್ದಿಲ್ಲ.

ಕಂಪನಿಯವರ ಭೇಟಿಯನ್ನು ಸರ್ ಮುಂದಕ್ಕೆ ಹಾಕಿದರು. ಜೊತೆಗಾರ ಹುಷಾರಾಗಿ ಬಂದವನೇ ಬಾಟಲಿಗೆ ಬಿಗಿ ಮುಚ್ಚಳ ಹಾಕಿ, ಅದರಿಂದ ಒಂದು ಕೊಳವೆ ತೆಗೆದು ಜಿಸಿಗೆ ಜೋಡಿಸಿದ. ಶಟರು ತೆರೆದು, ಫ್ಯಾನು ಹಾಕಿ, ಹೈಡ್ರೋಜನ್ನಿಗೆ ಮೋಸ ಹೋಗದ ಹೊಸ ಅಲಾರ್ಮು ಕೊರಳಿಗೆ ನೇತುಹಾಕಿಕೊಂಡು ಅದೇ ವೇಗದಲ್ಲಿ ಸ್ವಲ್ಪ ಹೊತ್ತು ನಡೆಸಿ ನೋಡಿದ. ಲೆಕ್ಕ ನೂರರ ಹತ್ತಿರ ಬಂತು. ಕಾಣೆಯಾಗಿದ್ದ ಪಾಲು ಪೂರ್ತಿ ಮೊನಾಕ್ಸೈಡ್. ಆಲ್ಕೊಹಾಲಿನ ರಿಪೋರ್ಟೂ ಬಂತು, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಕೊನೆಗೆ ತೀರ ನಿಧಾನವೂ ಅಲ್ಲದ, ತೀರ ವೇಗವೂ ಅಲ್ಲದ ಒಂದು ಹರಿವು ಸಿಕ್ಕಿತು. ಅಲ್ಲಿ ಎಥಿಲೀನ್ ಹಿಂದೆಂದಿಗಿಂತ ಚೆನ್ನಾಗಿ ಬಂತು. ಸರ್ ನನಗೆ ಫೋನಿನಲ್ಲಿ ಆ ಸಂಖ್ಯೆ ಹೇಳುವಾಗ ನಡುವೆ ತಡೆದು, "ಕ್ಷಮಿಸಿ ಆಯ್ತಾ, ಅವತ್ತು ನಾನು ಶುರು ಮಾಡಿ ಅಂತ ಹೇಳಿದ್ದಕ್ಕೆ," ಎಂದರು. ಪರವಾಗಿಲ್ಲ ಸರ್ ಎನ್ನಬೇಕಿತ್ತು, ಆ ಸಂಖ್ಯೆ ಇನ್ನೊಮ್ಮೆ ಹೇಳಿ ಎಂದೆ.

ಮಗಳು ಹುಟ್ಟಿದಳು. ತೂಕ ಸರಿಯಿತ್ತು, ಕಿವಿಯ ಪರೀಕ್ಷೆ ಸರಿಯಿತ್ತು, ಕತ್ತು ನಿಲ್ಲಿಸಿದ್ದೂ ಹೊತ್ತಿಗೆ ಸರಿಯಾಗಿ. ಉಳಿದದ್ದನ್ನು ಅವಳು ನಡೆಯುವಾಗ, ಮಾತಾಡುವಾಗ ನೋಡೋಣ ಎನ್ನುತ್ತಾರೆ ಡಾಕ್ಟರು. ಗಂಡ ಅದನ್ನು ಒಳ್ಳೆಯ ಸುದ್ದಿ ಎಂದು ಕೇಳಿಸಿಕೊಳ್ಳುತ್ತಾನೆ, ನನಗೆ ಹಾಗೆ ಕೇಳಿಸುವುದಿಲ್ಲ.

ಅವ್ವ ಅವಳಿಗೆ ಎಣ್ಣೆ ಹಚ್ಚಿ ಎರೆದು ತೊಟ್ಟಿಲಿಗೆ ಹಾಕಿದರೆ ಮಧ್ಯಾಹ್ನವೆಲ್ಲ ಮಿಸುಕಾಡದೆ ಮಲಗುತ್ತಾಳೆ. "ಭಾಳ ಶಾಣ್ಯಾ ಕೂಸು, ಮಲಗಿತಂದ್ರ ಮಲಗಿತು, ಕಿರಿಕಿರಿ ಅನ್ನೂದ ಇಲ್ಲ," ಎಂದು ಬಿಲ್ಡಿಂಗಿನ ಹೆಂಗಸರಿಗೆಲ್ಲ ಹೇಳಿಕೊಂಡು ಬರುತ್ತಾಳೆ. ನಾನು ಬಾಗಿಲಲ್ಲಿ ನಿಂತು ಆ ಶಾಂತ ಮುಖ ನೋಡುತ್ತೇನೆ. ಎದೆ ಏರಿಳಿಯುವುದು ಕಾಣುತ್ತದೆ, ಆದರೂ ಸಾಲುವುದಿಲ್ಲ. ಅವ್ವ ಅಡುಗೆಮನೆಯಲ್ಲಿದ್ದಾಗ ಹೋಗಿ ಅಂಗಾಲನ್ನು ಉಗುರಿನಿಂದ ಕೆರೆಯುತ್ತೇನೆ. ಮೊದಲು ಕಾಲು ಎಳೆದುಕೊಳ್ಳುತ್ತಾಳೆ. ಇನ್ನೊಮ್ಮೆ ಕೆರೆದರೆ ಮುಖ ಕಿವುಚಿ, ಕೆಂಪಾಗಿ, ಬಾಯಿ ತೆರೆದು ಕಿರುಚುತ್ತಾಳೆ.

"ಮತ್ತ ಎಬ್ಬಿಸಿದೇನು? ಬುದ್ಧಿ ಐತೇನ್ ನಿನಗ? ಮಲಗಿದ್ ಕೂಸಿನ ಯಾರರ ಎಬ್ಬಸ್ತಾರೇನು?" ಎಂದು ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಾಳೆ.

ನಾನು ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಅವಳು ಜೋರಾಗಿ ಅಳುವಷ್ಟು ಹೊತ್ತು ಸಮಾಧಾನ ಮಾಡಲು ಹೋಗುವುದಿಲ್ಲ.